ನಮ್ಮಂಥ ಸಣ್ಣ ಫ್ಯಾಕ್ಟರಿಗೂ ಸಿ.ಎಸ್.ಆರ್. (ಕಂಪನಿಯ ಸಾಮಾಜಿಕ ಹೊಣೆಗಾರಿಕೆ) ಬೇಕಾ ಮೇಡಂ?

ಪ್ರಶ್ನೆ (ವೇಮಗಲ್‌ನ ಸದಸ್ಯರು): ನಮಸ್ಕಾರ ಮೇಡಂ. ಇಲ್ಲಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಪ್ಲಾಸ್ಟಿಕ್ ಕ್ರೇಟ್ ಮಾಡುವ ಯೂನಿಟ್ ಇಟ್ಟಿದ್ದೇವೆ. ಪ್ರೈವೇಟ್ ಲಿಮಿಟೆಡ್. 46 ಜನ ಕೆಲಸಕ್ಕಿದ್ದಾರೆ, ಟೊಮೆಟೊ ಸೀಸನ್‌ನಲ್ಲಿ ಎರಡು ಶಿಫ್ಟ್. ವರ್ಷಕ್ಕೆ 14 ಕೋಟಿ ವಹಿವಾಟು, 60-70 ಲಕ್ಷ ಲಾಭ. ಹೋದ ವಾರ ಪಕ್ಕದ ಊರಿನವರು ಬಂದು, "ನಿಮ್ಮ ಸಿ.ಎಸ್.ಆರ್. ದುಡ್ಡಲ್ಲಿ ಊರಬಾಗಿಲಿಗೆ ಕಮಾನು ಕಟ್ಟಿಸಿಕೊಡಿ" ಅಂತ ಆಫೀಸಲ್ಲಿ ಕೂತೇಬಿಟ್ಟರು. ನಮಗೆ ಇದು ಕಡ್ಡಾಯವಾ? ಅಲ್ಲದಿದ್ದರೆ ಯಾಕೆ ಮಾಡಬೇಕು?

ಉತ್ತರ (ಕಂಪನಿ ಸೆಕ್ರೆಟರಿ, ಕೋಲಾರ): ಕಡ್ಡಾಯ ಅಲ್ಲ ಸರ್. 2013ರ ಕಂಪನಿ ಕಾಯ್ದೆಯ ಸೆಕ್ಷನ್ 135 ಬರುವುದು ದೊಡ್ಡವರಿಗೆ. ಹಿಂದಿನ ವರ್ಷ ನೆಟ್‌ವರ್ತ್ (ಆಸ್ತಿಯಲ್ಲಿ ಸಾಲ ಕಳೆದು ಉಳಿಯೋದು) 500 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ಇರಬೇಕು. ಮೂರರಲ್ಲಿ ಒಂದು ಮುಟ್ಟಿದರೂ ಸಾಕು, ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟು ಖರ್ಚು ಮಾಡಲೇಬೇಕು. ಉದಾಹರಣೆಗೆ 5, 6, 7 ಕೋಟಿ ಲಾಭ ಬಂದಿದ್ದರೆ ಸರಾಸರಿ 6 ಕೋಟಿ, ಕೊಡಬೇಕಾದ್ದು 12 ಲಕ್ಷ. ನೀವು ಆ ಗಡಿಯ ಹತ್ತಿರವೂ ಇಲ್ಲ. ಬಂದವರಿಗೆ ಧೈರ್ಯವಾಗಿ ಹೇಳಿ.

ಕಮಾನಂತೂ ಬೇಡ. ಕಾಯ್ದೆಯ ಶೆಡ್ಯೂಲ್ 7ರಲ್ಲಿ ಶಿಕ್ಷಣ, ಆರೋಗ್ಯ, ಕುಡಿಯುವ ನೀರು, ಪರಿಸರ, ಗ್ರಾಮಾಭಿವೃದ್ಧಿ ಎಲ್ಲಾ ಇದೆ. ಅದರೊಳಗೆ ಕಮಾನು ತೂರಿಸಿ ತಂದರೆ ನಾನು ಸಹಿ ಹಾಕಲ್ಲ.

ಯಾಕೆ ಮಾಡಬೇಕು ಅಂದಿರಲ್ಲ, ಒಂದು ಭಾನುವಾರ ಕೆ.ಜಿ.ಎಫ್. ಕಡೆ ಹೋಗಿಬನ್ನಿ. ಗಣಿ 2001ರಲ್ಲಿ ಮುಚ್ಚಿತು. ನೂರು ವರ್ಷಕ್ಕೂ ಜಾಸ್ತಿ ಚಿನ್ನ ಹೊರಗೆ ಹೋಯಿತು. ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣಿನ ಸೈನೈಡ್ ದಿಬ್ಬಗಳು ಮಾತ್ರ ಅಲ್ಲೇ ಉಳಿದವು. ಗಾಳಿ ಬೀಸಿದರೆ ಆ ಧೂಳು ಊರೊಳಗೆ ಬರುತ್ತೆ. ಲಾಭ ಲೆಕ್ಕದ ಪುಸ್ತಕಕ್ಕೆ ಹೋಯಿತು, ಕಸ ಊರಿನವರ ಪಾಲಿಗೆ ಬಂತು. ನಿಮ್ಮದು ಕ್ರೇಟ್ ಫ್ಯಾಕ್ಟರಿ, ಅಷ್ಟು ದೊಡ್ಡ ಮಾತಲ್ಲ, ಒಪ್ಪಿದೆ. ಆದರೂ ಬೋರ್‌ವೆಲ್ ನೀರು ಎಳೀತೀರಿ, ನಿಮ್ಮ ಲಾರಿ ಊರ ರಸ್ತೆಯಲ್ಲೇ ಓಡುತ್ತೆ, ಕೆಲಸಕ್ಕೆ ಬರುವ ಹುಡುಗರು ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಓದಿದವರು. ತಗೊಂಡಿದ್ದೀರಿ ಅಲ್ವಾ, ಒಂದಿಷ್ಟು ವಾಪಸ್ ಕೊಡಿ.

ಇನ್ನೊಬ್ಬ ಸದಸ್ಯರು (ಮಾಲೂರು): ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಜಿ.ಎಸ್.ಟಿ. ಕಟ್ಟಿದ್ದೀವಿ, ಇನ್‌ಕಮ್ ಟ್ಯಾಕ್ಸ್ ಕಟ್ಟಿದ್ದೀವಿ. ಊರು ನೋಡ್ಕೊಳ್ಳೋದು ಸರ್ಕಾರದ ಕೆಲಸ. ಸಿ.ಎಸ್.ಆರ್. ಅಂದ್ರೆ ಸುಮ್ನೆ ಫೋಟೊ ಶೋಕಿ.

ಉತ್ತರ: ಅರ್ಧ ನಿಜ ಅಣ್ಣ. ಶೋಕಿ ನಾನೂ ಬೇಕಾದಷ್ಟು ನೋಡಿದ್ದೀನಿ. ಒಂದು ಹಳ್ಳಿಯಲ್ಲಿ ಯಾವುದೋ ಕಂಪನಿ ಶುದ್ಧ ನೀರಿನ ಘಟಕ ಹಾಕಿಸಿತ್ತು. ಗೋಡೆಗೆ ನಾಲ್ಕಡಿ ಗ್ರಾನೈಟ್ ಕಲ್ಲು, ಅದರಲ್ಲಿ ಯಜಮಾನರಿಂದ ಹಿಡಿದು ಎಲ್ಲರ ಹೆಸರು. ಐದು ರೂಪಾಯಿ ಕಾಯಿನ್ ಹಾಕುವ ತೂತಿಗೆ ಯಾರೋ ಟೇಪ್ ಅಂಟಿಸಿದ್ದರು. ನೀರು ಸೋಸುವ ಮೆಂಬ್ರೇನ್ ಕಟ್ಟಿಕೊಂಡು ಹೋಗಿ ಎಂಟು ತಿಂಗಳಾಗಿತ್ತಂತೆ. ಬದಲಾಯಿಸೋದು ಯಾರು? ಕಂಪನಿ ಪಂಚಾಯಿತಿ ಕಡೆ ತೋರಿಸಿತು, ಪಂಚಾಯಿತಿ ಕಂಪನಿ ಕಡೆ. ಒಬ್ಬ ಅಜ್ಜಿ ಖಾಲಿ ಕ್ಯಾನ್ ಮೇಲೆ ಕೂತು ನನ್ನನ್ನೇ ಕೇಳಿದರು, "ನೀನೇನಮ್ಮ ರಿಪೇರಿಯವಳಾ?" ಅಂತ.

ಉಳಿದರ್ಧಕ್ಕೆ ನನ್ನ ಉತ್ತರ ಬೇರೆ. ತೆರಿಗೆ ಎಲ್ಲೋ ಹೋಗಿ ಎಲ್ಲೋ ಬರುತ್ತೆ. ಫ್ಯಾಕ್ಟರಿ ಇರೋದು ಈ ಊರಲ್ಲಿ. ನಾಳೆ ಡ್ರೈನೇಜ್ ವಿಷಯಕ್ಕೆ ಜಗಳ ಬಂದರೆ ಗೇಟಿಗೆ ಬರೋದು ಈ ಜನವೇ. ದೊಡ್ಡ ಕಂಪನಿಗೆ ಮಾಲು ಹಾಕುವವರಿಗೆ ಇನ್ನೊಂದು ವಿಷಯ. ಈಗೀಗ ಅವರ ಆಡಿಟ್‌ನವರು ಬಂದು ರೇಟ್ ಒಂದೇ ಅಲ್ಲ, ಪಿ.ಎಫ್. ಚಲನ್, ಬೆಂಕಿ ಆರಿಸುವ ಸಿಲಿಂಡರ್, ಕೊಳಕು ನೀರು ಎಲ್ಲಿ ಬಿಡ್ತೀರಿ ಅಂತಲೂ ಕೇಳ್ತಾರೆ. ಆರ್ಡರ್ ಉಳಿಸ್ಕೊಳ್ಳೋಕಾದ್ರೂ ಬೇಕು.

ಪ್ರಶ್ನೆ (ವೇಮಗಲ್): ಮೇಡಂ, ಹಾಗಾದರೆ ವರ್ಷಕ್ಕೆ ಒಂದು ಲಕ್ಷ ಎತ್ತಿಡಬಹುದು. ಯಾವುದರಿಂದ ಶುರು ಮಾಡಲಿ?

ಉತ್ತರ: ಒಳಗಿಂದ. 'ಮನೆಗೆ ಮಾರಿ, ಊರಿಗೆ ಉಪಕಾರಿ' ಆಗೋದು ಬೇಡ. 46 ಜನ ಅಂದರೆ ಪಿ.ಎಫ್., ಇ.ಎಸ್.ಐ. ಎರಡೂ ಬರುತ್ತೆ. ಕಾಂಟ್ರಾಕ್ಟರ್ ಕಡೆಯ ಹುಡುಗರಿಗೂ ಕಟ್ಟಿದ್ದಾನಾ ಅಂತ ಚಲನ್ ತರಿಸಿ ನೋಡಿ. ಓವರ್‌ಟೈಮ್ ದುಡ್ಡು ಬಾಕಿ ಇದ್ದರೆ ಮೊದಲು ಅದು ಕೊಡಿ. 2020ರ ಡಿಸೆಂಬರ್‌ನಲ್ಲಿ ನರಸಾಪುರದ ವಿಸ್ಟ್ರಾನ್ ಐಫೋನ್ ಫ್ಯಾಕ್ಟರಿಯಲ್ಲಿ ಆದ ಗಲಾಟೆ ಎಲ್ಲರಿಗೂ ನೆನಪಿದೆ. ಸಂಬಳ ಸರಿಯಾಗಿ ಬಂದಿಲ್ಲ ಅನ್ನೋ ಸಿಟ್ಟೇ ಅಲ್ಲಿ ಹೊತ್ತಿಕೊಂಡಿದ್ದು. ಅಂದಹಾಗೆ, ಬರೀ ನೌಕರರಿಗೆ ಮಾಡಿದ ಖರ್ಚನ್ನು ಕಾಯ್ದೆ ಸಿ.ಎಸ್.ಆರ್. ಅಂತ ಒಪ್ಪಲ್ಲ. ಸರಿಯೇ, ಅದು ಕೊಡಬೇಕಾದ ಬಾಕಿ ತಾನೇ.

ಆಮೇಲೆ ಊರಿಗೆ. ಹೊಸದು ಕಟ್ಟಿಸಬೇಡಿ, ಕೆಟ್ಟು ನಿಂತಿರೋದನ್ನ ಹಿಡೀರಿ. ನಮ್ಮ ಜಿಲ್ಲೆಯಲ್ಲಿ ಸಾವಿರ ಅಡಿ ದಾಟಿದ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಕಾಟ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯೋಕೆ ಬರಲ್ಲ. ನಿಮ್ಮ ಊರಿನ ಘಟಕದ ನೀರು ಒಮ್ಮೆ ಪರೀಕ್ಷೆ ಮಾಡಿಸಿ. ಮೆಂಬ್ರೇನ್, ಫಿಲ್ಟರ್, ಸರ್ವಿಸ್ ಖರ್ಚು ಮೂರು ವರ್ಷ ನೀವೇ ನೋಡಿಕೊಳ್ಳಿ. ಘಟಕದಿಂದ ಹೊರಗೆ ಬಿಡುವ ನೀರೂ ಕಮ್ಮಿ ಇರಲ್ಲ, ಅದು ಚರಂಡಿಗೆ ಹೋಗ್ತಾ ಇದೆಯಾ ನೋಡಿ. ಪಾತ್ರೆ ತೊಳೆಯೋಕೆ ಒಂದು ತೊಟ್ಟಿ ಕಟ್ಟಿದರೂ ಉಪಯೋಗ.

ಪ್ರಶ್ನೆ (ವೇಮಗಲ್): ಈಗಲೇ ಹೋಗಿ ನೋಡಿಬಂದೆ ಮೇಡಂ. ಘಟಕಕ್ಕೆ ಬೀಗ. ಕೀ ಯಾರ ಹತ್ತಿರ ಅಂತ ಊರಲ್ಲಿ ಯಾರಿಗೂ ಗೊತ್ತಿಲ್ಲ. ಕಮಾನು ಕೇಳಿದವರೇ ಹುಡುಕ್ತಾ ಇದ್ದಾರೆ.

ಉತ್ತರ: ಕೀ ಸಿಕ್ಕಮೇಲೆ ಪಿ.ಡಿ.ಒ. (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಒಂದು ಪತ್ರ ಬರೆಸ್ಕೊಳ್ಳಿ. ಕರೆಂಟ್ ಬಿಲ್ ಪಂಚಾಯಿತಿಯದು, ರಿಪೇರಿ ನಿಮ್ಮದು, ಕಾಯಿನ್ ದುಡ್ಡಿನ ಲೆಕ್ಕ ಇಂಥವರದು ಅಂತ. ಕರಡು ನಾನು ಕಳಿಸ್ತೀನಿ, ಫೀಸ್ ಬೇಡ.