ಪದಚರ್ಚೆ: ವಿಮಾನದ ಇಂಧನ ಕೊಳವೆಯ ‘ಫ್ಲೇರ್’, ‘ಟೆಂಪರ್’, ಕ್ಯಾಬಿನ್ನಿನ ‘ಫ್ಲೋರ್’

ಪ್ರಶ್ನೆ:
ನಮಸ್ಕಾರ. ಅಮೆರಿಕದ ವ್ಯಾನ್ಸ್ ಕಂಪನಿಯ ಆರ್‌ವಿ ಮಾದರಿಯ ಕಿಟ್ ವಿಮಾನವನ್ನು (ಬಿಡಿಭಾಗಗಳಾಗಿ ಬರುವ ಪುಟ್ಟ ವಿಮಾನ) ಮನೆಯಲ್ಲೇ ಕಟ್ಟುವ ವಿಧಾನ ಕನ್ನಡಕ್ಕೆ ಬರುತ್ತಿದೆ. ಮೂರು ಕಡೆ ತೊಡಕು. ‘ಫ್ಲೇರ್’ಗೆ ನಿಘಂಟು ಕೊಡುವ ‘ಭುಗಿಲು’ ಪೆಟ್ರೋಲ್ ಕೊಳವೆಯ ಹತ್ತಿರ ಸುಳಿಯುವಂತೆಯೇ ಇಲ್ಲ. 5052-ಓ ಅಲ್ಯೂಮಿನಿಯಂನ ‘ಓ’ ಒಂದು ಟೆಂಪರ್, ಅದಕ್ಕೆ ಏನನ್ನೋಣ? ‘ಫ್ಲೋರ್ ಹಾಕುವುದು’ ನೆಲಹಾಸು ಹಾಸಿದಂತೆ ಕೇಳಿಸುತ್ತದೆ. ತಿಳಿದವರು ತಿಳಿಸಬೇಕು.

ಉತ್ತರ 1:
ಫ್ಲೇರ್ ಅಂದರೆ ಕೊಳವೆಯ ತುದಿಯನ್ನು ಕಹಳೆಯ ಬಾಯಿಯಂತೆ ಅರಳಿಸುವುದು. ‘ಅರಳಿಸಿದ ಬಾಯಿ’ ಎಂದರೆ ಕೆಲಸ ಕಣ್ಣಿಗೆ ಕಟ್ಟುತ್ತದೆ. ಮೊದಲ ಸಲ ‘ಫ್ಲೇರ್ ಬಾಯಿ’ ಎಂದು ಬರೆದು ಮುಂದುವರಿಯಿರಿ. ಆದರೆ ಕೋನವನ್ನು ಬಿಡಿಸಿ ಹೇಳಲೇಬೇಕು. ವಿಮಾನದ ಎಎನ್ (ಅಮೆರಿಕದ ಆರ್ಮಿ-ನೇವಿ ಮಾನಕದ) ಜೋಡಣೆಯಲ್ಲಿ 37 ಡಿಗ್ರಿ ಎಂಬುದು ಕೊಳವೆಯ ನಡುಗೆರೆಯಿಂದ ಒಂದು ಪಕ್ಕಕ್ಕೆ ಅಳೆದದ್ದು, ಬಾಯಿಯ ಪೂರ್ತಿ ಅಗಲ 74 ಡಿಗ್ರಿ. ‘37 ಡಿಗ್ರಿ ಅಗಲದ ಬಾಯಿ’ ಎಂದು ಬರೆದರೆ ತಪ್ಪಾಗುತ್ತದೆ. ಎ.ಸಿ. ರಿಪೇರಿಯವರ ಬಳಿ ಸಾಮಾನ್ಯವಾಗಿ ಇರುವ ಫ್ಲೇರ್ ಟೂಲ್ 45 ಡಿಗ್ರಿಯದು. ಅದರಲ್ಲಿ ಅರಳಿಸಿದ ಬಾಯಿ ಎಎನ್ ಜೋಡಣೆಯ ಶಂಕುವಿನಾಕಾರದ ತುದಿಯ ಮೇಲೆ ಪೂರ್ತಿ ಕೂರುವುದಿಲ್ಲ, ಒಂದು ಗೆರೆಯಷ್ಟೇ ತಾಗುತ್ತದೆ. ಸೋರಿತೆಂದು ಇನ್ನಷ್ಟು ತಿರುಗಿಸಿದರೆ ಬಾಯಿ ತೆಳುವಾಗಿ ಬಿರಿಯುತ್ತದೆ.

ಹಾಗಾಗಿ ‘ಚೆನ್ನಾಗಿ ಬಿಗಿ ಮಾಡಿ’ ಎಂಬ ವಾಕ್ಯವನ್ನು ದಯವಿಟ್ಟು ಬರೆಯಬೇಡಿ. ಇಲ್ಲಿ ಬಿಗಿಗೆ ಲೆಕ್ಕವಿದೆ: 3/8 ಇಂಚಿನ 5052-ಓ ಕೊಳವೆಗೆ ಎಫ್‌ಎಎ (ಅಮೆರಿಕದ ವಿಮಾನಯಾನ ಇಲಾಖೆ) ಕೈಪಿಡಿ 43.13-1ಬಿ ಕೊಡುವ ಟಾರ್ಕ್, ಅಂದರೆ ನಟ್ ತಿರುಗಿಸುವ ಬಲ, 75ರಿಂದ 125 ಇಂಚ್-ಪೌಂಡ್, ಅಂದರೆ ಸುಮಾರು 8.5ರಿಂದ 14 ನ್ಯೂಟನ್-ಮೀಟರ್. ನಲ್ಲಿ ಕೆಲಸದ ರೂಢಿಯಲ್ಲಿ ಟೇಪ್ ಸುತ್ತುವುದೂ ಬೇಡ. ಸೋರಿಕೆ ತಡೆಯುವುದು ನಟ್ಟಿನ ತಿರುಪು ಗೆರೆಗಳಲ್ಲ (ಥ್ರೆಡ್), ಅರಳಿದ ಬಾಯಿ. ಟೇಪಿನ ಚೂರು ಒಳಹೋದರೆ ಇಂಧನದ ದಾರಿ ಕಟ್ಟುತ್ತದೆ.

ಟೆಂಪರ್‌ಗೆ ‘ಹದ’ ಎನ್ನಿ. ಕಮ್ಮಾರಿಕೆಯ ಸ್ವಂತ ಮಾತು ಅದು. ‘ಓ’ ಎಂದರೆ ಕಾಯಿಸಿ ಪೂರ್ತಿ ಮೆದು ಮಾಡಿದ ಹದ. ಬಾಗಿಸಿದ್ದನ್ನು ಮತ್ತೆ ಮತ್ತೆ ನೆಟ್ಟಗೆ ಮಾಡಿದರೆ ಆ ಹದ ಹೋಗಿ ಲೋಹ ಸೆಟೆಯುತ್ತದೆ, ಅರಳಿಸುವಾಗ ಸೀಳುತ್ತದೆ. ಕತ್ತರಿಸಿದ ಅಂಚಿನ ‘ಬರ್’ಗೆ ‘ಸಿಬಿರು’ ಹೊಂದುತ್ತದೆ. ಸಿಬಿರು ಉಳಿದರೂ ಸೀಳು ಅಲ್ಲಿಂದಲೇ ಶುರು. ಅನುಕ್ರಮವನ್ನು ಒಂದೇ ವಾಕ್ಯದಲ್ಲಿ ಕೊಡಿ: ನೇರವಾಗಿ ಕತ್ತರಿಸಿ, ಸಿಬಿರು ತೆಗೆದು, ನಟ್ ಮತ್ತು ಸ್ಲೀವ್ (ಬಾಯಿಯ ಹಿಂದೆ ಕೂರುವ ಬಳೆ) ಎರಡನ್ನೂ ಏರಿಸಿ, ಆಮೇಲೆ ಬಾಯಿ ಅರಳಿಸಿ. ಮೊದಲೇ ಅರಳಿಸಿದರೆ ಎರಡೂ ಆ ತುದಿಯಿಂದ ಏರುವುದಿಲ್ಲ.

ಫ್ಲೋರ್‌ಗೆ ‘ನೆಲಹಾಸು’ ಬೇಡ, ‘ನೆಲದ ಹಾಳೆ’ ಸರಿ. ‘ಹಾಕು’ ಎಂಬ ಕ್ರಿಯಾಪದವನ್ನೂ ಬಿಡಿ. ಕೆಲವು ಹಾಳೆಗಳಿಗೆ ರಿವೆಟ್ ಹೊಡೆಯುತ್ತಾರೆ, ಬಿಚ್ಚಲು ಡ್ರಿಲ್ಲೇ ಬೇಕು. ಕೆಲವನ್ನು ನಟ್‌ಪ್ಲೇಟಿಗೆ (ತಗಡಿಗೆ ಮೊದಲೇ ಕೂರಿಸಿದ ನಟ್) ಸ್ಕ್ರೂನಿಂದ ಕೂರಿಸುತ್ತಾರೆ. ‘ರಿವೆಟ್ ಹೊಡೆ’, ‘ಸ್ಕ್ರೂ ಬಿಗಿ’ ಎಂದು ಬೇರೆಬೇರೆಯಾಗಿ ಬರೆದರೆ, ನೆಲದ ಹಾಳೆಯ ಕೆಳಗೆ ಹೋಗುವ ಕೊಳವೆಗೆ ಕಡಿಮೆ ಒತ್ತಡದ ಗಾಳಿ ತುಂಬಿ, ಜೋಡಣೆಗಳಿಗೆ ಸೋಪಿನ ನೀರು ಸವರಿ ಗುಳ್ಳೆ ನೋಡುವ ಕೆಲಸ ರಿವೆಟ್ಟಿಗಿಂತ ಮೊದಲೇ ಆಗಬೇಕೆಂಬುದು ಓದುಗರಿಗೆ ತಾನಾಗಿ ತಿಳಿಯುತ್ತದೆ.

ಉತ್ತರ 2:
ಮೇಲಿನದನ್ನು ಒಪ್ಪುತ್ತೇನೆ. ಒಂದು ಸೇರ್ಪಡೆ: ‘ಬೆಂಡ್’ಗೂ ‘ಕಿಂಕ್’ಗೂ ‘ಬಾಗು’ ಎಂದೇ ಬರೆಯಬೇಡಿ. ಮೊದಲನೆಯದು ಬಾಗು, ಎರಡನೆಯದು ಮಡಿಕೆ. ಇದೇ 3/8 ಇಂಚಿನ ಕೊಳವೆಯ ಬಾಗಿಗೆ ಕನಿಷ್ಠ ತ್ರಿಜ್ಯ 15/16 ಇಂಚು. ಅದಕ್ಕಿಂತ ಕಿರಿದಾಗಿ ತಿರುಗಿಸಿದರೆ ಕೊಳವೆ ಚಪ್ಪಟೆಯಾಗಿ ಮಡಿಕೆ ಬೀಳುತ್ತದೆ. ಮಡಿಕೆ ಬಿದ್ದದ್ದನ್ನು ತಿದ್ದಬಾರದು, ಆ ತುಂಡನ್ನೇ ಬಿಟ್ಟು ಹೊಸದು ಮಾಡಬೇಕು. ಕೊಳವೆ ವಿಮಾನದೊಳಗಿನ ತಗಡಿನ ತಡೆಗೋಡೆ ದಾಟುವ ತೂತಿನ ‘ಗ್ರೊಮೆಟ್’ಗೆ ‘ರಬ್ಬರ್ ಬುಷ್’ ಸಾಕು. ಅದಿಲ್ಲದಿದ್ದರೆ ಎಂಜಿನ್ನಿನ ನಡುಕಕ್ಕೆ ಕೊಳವೆ ತಗಡಿನ ಅಂಚಿಗೆ ಉಜ್ಜಿ ಸವೆಯುತ್ತದೆ, ಅದೂ ನೆಲದ ಹಾಳೆಯ ಕೆಳಗೆ, ಕಣ್ಣಿಗೆ ಬೀಳದ ಜಾಗದಲ್ಲಿ.