ಪದಚರ್ಚೆ: ಥ್ರೆಡೆಡ್, ಥ್ರೆಡ್‌ಲೆಸ್ ಹೆಡ್‌ಸೆಟ್‌ಗೆ ಕನ್ನಡದಲ್ಲಿ ಏನೆನ್ನೋಣ?

ವಿ. ಎಸ್.

ಎಲ್ಲರಿಗೂ ನಮಸ್ಕಾರ. ಸೈಕಲ್ ರಿಪೇರಿ ತರಬೇತಿಯ ಗೋಡೆಪಟ ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಹೆಡ್‌ಸೆಟ್ ಎಂದರೆ ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಕೊಳವೆ ಫ್ರೇಮಿನಲ್ಲಿ ತಿರುಗಲು ಇರುವ ಗೋಲಿ, ಕಪ್ಪುಗಳ ಜೋಡಣೆ; ಸ್ಟೆಮ್ ಎಂದರೆ ಹ್ಯಾಂಡಲನ್ನು ಆ ಕೊಳವೆಗೆ ಕೂಡಿಸುವ ಭಾಗ. ಕೈಗೆ ಬಂದ ಕರಡಿನಲ್ಲಿ ‘ದಾರವಿರುವ ಹೆಡ್‌ಸೆಟ್’, ‘ದಾರರಹಿತ ಹೆಡ್‌ಸೆಟ್’ ಎಂದಿದೆ, ಸ್ಟೆಮ್ಮಿಗೆ ‘ಕಾಂಡ’ ಎಂದಿದೆ. ಹೀಗೆ ಬಿಟ್ಟರೆ ಓದಿದವರು ಕಿವಿಗೆ ಹಾಕುವ ಸಾಧನ ಅಂದುಕೊಳ್ಳುತ್ತಾರೆ. ಓದುವವರು ವಿಜಯಪುರ, ಬಾಗಲಕೋಟೆ ಕಡೆ ಸೈಕ್ಲಿಂಗ್ ಕಲಿಯುವ ಹುಡುಗರು ಮತ್ತು ಊರಿನ ಸೈಕಲ್ ಶಾಪಿನವರು. ಹೆಡ್‌ಸೆಟ್‌ಗೊಂದು ಜೋಡಿ, ಸ್ಟೆಮ್‌ಗೊಂದು ಜೋಡಿ ಪದ ತುರ್ತಾಗಿ ಬೇಕು.

ಬಿ. ಆರ್.

ಹೆಡ್‌ಸೆಟ್ = ತಲೆಕಟ್ಟು. ಸ್ಟೆಮ್ = ಕೊರಳು. ಸುತ್ತುಳ್ಳ ತಲೆಕಟ್ಟು, ಸುತ್ತಿಲ್ಲದ ತಲೆಕಟ್ಟು. ಕನ್ನಡದ ಬೇರುಗಳಿಂದಲೇ ಪದ ಕಟ್ಟಲು ಬರುವಾಗ ಇಂಗ್ಲಿಶಿನ ಬಾಗಿಲು ತಟ್ಟುವುದೇಕೆ? ಮೊದಮೊದಲು ಹೊಸತೆನಿಸುತ್ತದೆ, ಬಳಸಿದಂತೆಲ್ಲ ನಿಲ್ಲುತ್ತದೆ.

ಎಂ. ಪಿ., ಹುಬ್ಬಳ್ಳಿ

ನಿಲ್ಲುವುದಿಲ್ಲ. ತಲೆಕಟ್ಟು ಅಕ್ಷರದ ನೆತ್ತಿಯ ಮೇಲಿರುವುದು, ಅದನ್ನು ಅಲ್ಲೇ ಇರಗೊಡಿ. ಈ ಭಾಗಕ್ಕೆ ಅಂಗಡಿಯಲ್ಲಿ ಆಗಲೇ ಹೆಸರಿದೆ: ಕೋನ್‌ಸೆಟ್. ಬೈಕಿನವರೂ ಅದನ್ನೇ ಅನ್ನುವುದು. “ಕೋನ್‌ಸೆಟ್ ಹೋಗೇತಿ, ಹ್ಯಾಂಡಲ್ ನಡುವ ಹಿಡೀತೈತಿ” ಅಂದರೆ ಗೋಲಿಗಳು ಬಡಿದು ಕಪ್ಪಿನಲ್ಲಿ ಕುಳಿ ಬಿದ್ದಿವೆ, ನೇರ ಹಿಡಿದಾಗ ಗೋಲಿ ಆ ಕುಳಿಗೇ ಬಂದು ಕೂರುತ್ತದೆ ಎಂದು ಮೆಕ್ಯಾನಿಕ್‌ಗೆ ಒಂದೇ ಮಾತಿಗೆ ತಿಳಿಯುತ್ತದೆ. ‘ತಲೆಕಟ್ಟು ಹೋಗಿದೆ’ ಅಂದರೆ ಏನು ತಿಳಿದೀತು?

ಎಸ್. ಜಿ.

ಹೆಡ್‌ಸೆಟ್‌ಗಿಂತ ‘ಥ್ರೆಡ್’ ಮುಖ್ಯ. ಅದಕ್ಕೆ ‘ತಿರುಪು’ ಇದೆ. ತಿರುಗು, ತಿರುವು, ತಿರುಪು ಒಂದೇ ಬೇರಿನವು. ಭಿಕ್ಷೆ ಎಂಬ ಅರ್ಥದ ತಿರುಪೆಯ ಜತೆ ದಯವಿಟ್ಟು ಬೆರೆಸಬೇಡಿ. ಓಲೆಯ ಹಿಂದಿನ ತಿರುಪು ಮನೆಮನೆಯಲ್ಲಿದೆ: ಕಡ್ಡಿಯ ಮೈಮೇಲೆ ಸುತ್ತು ಕೊರೆದಿರುತ್ತದೆ, ಮೇಲಿಂದ ಬಿಲ್ಲೆ ತಿರುಗಿಸಿ ಕೂರಿಸುತ್ತೇವೆ. ಹಳೆ ಬಗೆಯ ಫೋರ್ಕಿನ ಕೊಳವೆಯಲ್ಲೂ ಆಗುವುದು ಇದೇ. ಹಾಗಾಗಿ ತಿರುಪಿನ ಕೋನ್‌ಸೆಟ್, ತಿರುಪಿಲ್ಲದ ಕೋನ್‌ಸೆಟ್. ‘ತಿರುಪುರಹಿತ’ ಎಂದು ಮಾತ್ರ ಬರೆಯಬೇಡಿ, ಅರಿಸಮಾಸ.

ಎಂ. ಪಿ., ಹುಬ್ಬಳ್ಳಿ

ಓಲೆಯ ಮಾತು ಒಪ್ಪಿದೆ. ಆದರೆ ‘ತಿರುಪಿಲ್ಲದ’ ಅಂದರೆ ತಿರುಗಿಸುವುದು ಏನೂ ಇಲ್ಲ ಎಂದಾಗುತ್ತದೆ. ಹೊಸ ಬಗೆಯಲ್ಲಿ ಮೇಲೊಂದು ಬೋಲ್ಟು, ಪಕ್ಕದಲ್ಲಿ ಎರಡು ಬೋಲ್ಟು ಇವೆ. ತಿರುಪಿಲ್ಲದ್ದು ಕೊಳವೆಯ ಹೊರಮೈಗೆ ಮಾತ್ರ. ಪಟ ಓದಿದವನು ಯಾವ ಬೋಲ್ಟಿಗೆ ಕೈ ಹಾಕಬೇಕು ಎನ್ನುವುದು ಹೆಸರಿನಿಂದಲೇ ಗೊತ್ತಾಗಬೇಕು. ಅದಕ್ಕೇ ಸ್ಟೆಮ್ಮನ್ನು ಹಿಡಿದು ಹೆಸರಿಡಿ ಎನ್ನುತ್ತೇನೆ, ಹಳೆ ತಿರುಪಿನ ಬಗೆಗೆ ಮೊದಲನೆಯದು, ತಿರುಪಿಲ್ಲದ ಹೊಸ ಬಗೆಗೆ ಎರಡನೆಯದು: ಒಳಸ್ಟೆಮ್, ಹೊರಸ್ಟೆಮ್.

ಒಳಸ್ಟೆಮ್ ಕೊಳವೆಯೊಳಗೆ ಇಳಿಯುತ್ತದೆ, ಉದ್ದ ಬೋಲ್ಟು ಎಳೆದಾಗ ತುದಿಯ ಬೆಣೆ ಒಳಗೋಡೆಗೆ ಒತ್ತಿ ನಿಲ್ಲುತ್ತದೆ. 1 ಇಂಚಿನ ಫೋರ್ಕಿಗೆ ಸ್ಟೆಮ್ಮಿನ ದಪ್ಪ ಸಾಮಾನ್ಯವಾಗಿ 22.2 ಮಿ.ಮೀ. ಇದಕ್ಕೂ ಗೋಲಿಗಳ ಬಿಗಿತಕ್ಕೂ ಸಂಬಂಧವಿಲ್ಲ. ಬಿಗಿತ ಇರುವುದು ಹೊರಗಿನ ತಿರುಪಿನ ಕಪ್ಪು ಮತ್ತು ಅದರ ಮೇಲಿನ ಲಾಕ್‌ನಟ್ಟಿನಲ್ಲಿ. ಅದಕ್ಕೆ ಸಾಮಾನ್ಯವಾಗಿ 32 ಮಿ.ಮೀ.ನ ಎರಡು ತೆಳು ಪಾನಾ ಬೇಕು. ಒಂದರಿಂದ ಕಪ್ಪು ಹಿಡಿದುಕೊಳ್ಳದೆ ಲಾಕ್‌ನಟ್ ತಿರುಗಿಸಿದರೆ ಕಪ್ಪೂ ಜತೆಗೆ ಸುತ್ತಿ ಹ್ಯಾಂಡಲ್ ಕಚ್ಚಿಕೊಳ್ಳುತ್ತದೆ. ಹ್ಯಾಂಡಲ್ ಎತ್ತರ ಬದಲಿಸಬೇಕಾದರೆ ಬೋಲ್ಟನ್ನು ನಾಲ್ಕೈದು ಸುತ್ತು ಸಡಿಲಿಸಿ, ಬೋಲ್ಟಿನ ತಲೆಯ ಮೇಲೆ ಮರದ ಸುತ್ತಿಗೆಯಿಂದ ಒಂದೇಟು ಕೊಡಿ, ಬೆಣೆ ಬಿಡುತ್ತದೆ. ಬೋಲ್ಟನ್ನು ಪೂರ್ತಿ ಬಿಚ್ಚಿದರೆ ಬೆಣೆ ಕೆಳಗೆ ಬೀಳುತ್ತದೆ. ಸ್ಟೆಮ್ಮಿನ ಮೇಲಿನ ಮಿತಿಗೆರೆ ಹೊರಗೆ ಕಾಣುವಷ್ಟು ಎಂದೂ ಎತ್ತಬಾರದು.

ಹೊರಸ್ಟೆಮ್ ಕೊಳವೆಯನ್ನು ಹೊರಗಿನಿಂದ ಅಪ್ಪುತ್ತದೆ, ಕೊಳವೆ ಹೆಚ್ಚಾಗಿ 28.6 ಮಿ.ಮೀ. ಇಲ್ಲಿ ಗೋಲಿಗಳ ಬಿಗಿತವನ್ನು ಉಳಿಸಿಕೊಳ್ಳುವುದು ಸ್ಟೆಮ್ಮೇ. ಮೇಲಿನ ಬೋಲ್ಟು ಕೊಳವೆಯೊಳಗೆ ಹಲ್ಲು ಕಚ್ಚಿ ಕೂತಿರುವ ಸ್ಟಾರ್‌ನಟ್ಟನ್ನು ಎಳೆದು ಒತ್ತಡ ಕೊಡುತ್ತದೆ, ಅಷ್ಟೆ. ಪಕ್ಕದ ಬೋಲ್ಟು ಬಿಗಿಯಾಗಿದ್ದಾಗ ಮೇಲಿನದನ್ನು ಎಷ್ಟು ತಿರುಗಿಸಿದರೂ ಆಟ, ಅಂದರೆ ಅಲುಗಾಟ, ಹೋಗದು, ಸ್ಟಾರ್‌ನಟ್ ಕಿತ್ತು ಬರುತ್ತದೆ. ಎಲ್ಲರೂ ಎಡವುವುದು ಇಲ್ಲೇ.

ಬಿ. ಆರ್.

ಕೋನ್, ಸೆಟ್, ಸ್ಟೆಮ್, ಸ್ಟಾರ್, ನಟ್. ಇದರಲ್ಲಿ ಕನ್ನಡವೆಲ್ಲಿದೆ? ‘ಒಳ’, ‘ಹೊರ’ ಎರಡನ್ನು ಮುಂದಿಟ್ಟ ಮಾತ್ರಕ್ಕೆ ಕನ್ನಡವಾಯಿತೆ? ಹೀಗೇ ಬಿಟ್ಟರೆ ಇನ್ನೊಂದು ತಲೆಮಾರಿಗೆ ಕನ್ನಡದಲ್ಲಿ ಉಳಿಯುವುದು ವಿಬಕ್ತಿ ಒಂದೇ.

ಎಸ್. ಜಿ.

ಚಾವಿ, ಅಲಮಾರು ಪೋರ್ಚುಗೀಸಿನಿಂದ ಬಂದವು. ಕಿಟಕಿ, ಕಚೇರಿ ಉತ್ತರದಿಂದ ಬಂದವು. ಇವತ್ತು ಯಾರೂ ಅವನ್ನು ಹೊರಗಿನವು ಎನ್ನುವುದಿಲ್ಲ. ನಟ್ಟು, ಬೋಲ್ಟು ಉಕಾರ ತಗೊಂಡು ಆಗಲೇ ಒಳಗೆ ಬಂದಿವೆ. ನುಡಿ ಬಡವಾಗುವುದು ನಾಮಪದ ಬಂದರೆ ಅಲ್ಲ, ಕ್ರಿಯಾಪದ ಹೋದರೆ. ‘ಟೈಟ್ ಮಾಡಿ, ಲೂಸ್ ಮಾಡಿ’ ಎಂದು ಬರೆಯಬೇಡಿ. ಬಿಗಿ, ಸಡಿಲಿಸು, ಇಳಿಸು, ಕೂರಿಸು ಎಲ್ಲ ಇವೆಯಲ್ಲ!

ವಿ. ಎಸ್.

ಉಪಕಾರವಾಯಿತು. ಒಳಸ್ಟೆಮ್, ಹೊರಸ್ಟೆಮ್, ಕೋನ್‌ಸೆಟ್ ಇಟ್ಟುಕೊಳ್ಳುತ್ತೇನೆ. ಒಬ್ಬರು ನನಗೆ ಬೇರೆಯಾಗಿ ಬರೆದು, ತಿರುಪಿಲ್ಲದ ಬಗೆಗೆ ‘ಅಹೆಡ್’ ಎಂದರೆ ಸಾಕಲ್ಲವೆ ಎಂದು ಕೇಳಿದ್ದಾರೆ. ಹಾಕಬಹುದೆ? ಹೊರಸ್ಟೆಮ್ಮಿನ ಪಟದ ಸಾಲುಗಳು ಹೀಗಿವೆ:

“ಪಕ್ಕದ ಬೋಲ್ಟುಗಳನ್ನು ಸಡಿಲಿಸಿ. ಮೇಲಿನ ಬೋಲ್ಟನ್ನು ಆಟ ಹೋಗುವಷ್ಟೇ ಬಿಗಿಯಿರಿ. ಹ್ಯಾಂಡಲನ್ನು ಚಕ್ರಕ್ಕೆ ನೇರ ಮಾಡಿ. ಪಕ್ಕದ ಬೋಲ್ಟುಗಳನ್ನು ಸ್ಟೆಮ್ಮಿನ ಮೇಲೆ ಬರೆದಷ್ಟು ಬಿಗಿಯಿರಿ, ಹೆಚ್ಚಿನವಕ್ಕೆ 5 ನ್ಯೂಟನ್ ಮೀಟರ್ ಆಸುಪಾಸು. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿ ನೋಡಿ.”

ಎಂ. ಪಿ., ಹುಬ್ಬಳ್ಳಿ

ಅಹೆಡ್ ಬೇಡ. ಅಹೆಡ್‌ಸೆಟ್ ಎನ್ನುವುದು ಡಯಾ-ಕಾಂಪೆ ಕಂಪನಿಯವರು ಮಾರಾಟಕ್ಕೆ ಇಟ್ಟ ಹೆಸರು, ಆ ವಿನ್ಯಾಸದ ಅಮೆರಿಕನ್ ಪೇಟೆಂಟ್ 1992ರದು. ಬೇರೆ ಕಂಪನಿಯ ಕೋನ್‌ಸೆಟ್‌ಗೆ ಆ ಹೆಸರು ಯಾಕೆ?

ಸಾಲುಗಳು ಸರಿಯಾಗಿವೆ, ಮೂರು ಸೇರಿಸಿ. ಅಲ್ಲಾಡಿಸುವಾಗ ಕಪ್ಪು ಮತ್ತು ಫ್ರೇಮು ಕೂಡುವ ಸಂದಿಯ ಮೇಲೆ ಬೆರಳಿಡಬೇಕು, ಇಲ್ಲದಿದ್ದರೆ ಬ್ರೇಕಿನ ಆಟವನ್ನೇ ಕೋನ್‌ಸೆಟ್ ಆಟ ಅಂದುಕೊಳ್ಳುತ್ತಾರೆ. ಕೊಳವೆಯ ತುದಿ ಸ್ಟೆಮ್ಮಿನ, ಮೇಲೆ ಸ್ಪೇಸರ್ (ಎತ್ತರ ತುಂಬುವ ಬಳೆ) ಇದ್ದರೆ ಅದರ, ಅಂಚಿಗಿಂತ ಸುಮಾರು 3 ಮಿ.ಮೀ. ಕೆಳಗಿರಬೇಕು. ಸಮವಾಗಿದ್ದರೆ ಮೇಲಿನ ಬೋಲ್ಟಿನ ಮುಚ್ಚಳ ಕೊಳವೆಯ ಮೇಲೇ ಕೂತು ಒತ್ತಡ ಬೀಳುವುದಿಲ್ಲ. ಕಾರ್ಬನ್ ಕೊಳವೆಗೆ ಸ್ಟಾರ್‌ನಟ್ ಹೊಡೆಯಲೇಬಾರದು, ಒಳಗೋಡೆ ಸೀಳುತ್ತದೆ. ಅದಕ್ಕೆ ಒಳಗೆ ಅರಳಿ ಹಿಡಿಯುವ ಪ್ಲಗ್ ಬೇರೆ ಬರುತ್ತದೆ.

ಬಿ. ಆರ್.

ಪ್ಲಗ್ ಅಲ್ಲ, ಅರಳುಬೆಣೆ. ನಿಮ್ಮದೇ ಮಾತುಗಳಿಂದ ಕಟ್ಟಿದ್ದೇನೆ. ಕೋನ್‌ಸೆಟ್‌ಗೆ ನನ್ನ ಒಪ್ಪಿಗೆಯಿಲ್ಲ.

ವಿ. ಎಸ್.

ಅರಳುಬೆಣೆ ಹಾಕುತ್ತೇನೆ.