ಅಜ್ಜಿಯ ವಿಡಿಯೊಗೆ ಯಾವ ಆಂಗಲ್?

ಪುಟ್ಟ: ಅಜ್ಜಿ ಹಲಸಿನಕಾಯಿ ಕೊಯ್ಯುವ ವಿಡಿಯೊ ಹಾಕಿದ್ದೇನೆ, ಎಲ್ಲರೂ ನೋಡಿ. ಫೋನನ್ನು ನೆಲಕ್ಕಿಟ್ಟು ಮೇಲಕ್ಕೆ ತಿರುಗಿಸಿ ತೆಗೆದದ್ದು. ಜೊತೆಗೆ ಒಂದು ಚಾರ್ಟ್ ಉಂಟು. ಲೋ ಆಂಗಲ್ (ಕೆಳಗಿನಿಂದ ಮೇಲಕ್ಕೆ ತೆಗೆದದ್ದು) ಅಂದರೆ ಶಕ್ತಿ, ಹೈ ಆಂಗಲ್ (ಮೇಲಿನಿಂದ ಕೆಳಕ್ಕೆ ತೆಗೆದದ್ದು) ಅಂದರೆ ದುರ್ಬಲ.

ಮಣಿಪಾಲ ಮಾವ: ಭರ್ಜರಿ ಬಂದಿದೆ ಪುಟ್ಟ! ಹೀರೋ ಎಂಟ್ರಿಯೇ.

ನಾನು: ನನಗೆ ಸರಿ ಕಾಣಲಿಲ್ಲ ಮಾರಾಯ. ಅಜ್ಜಿಯ ಗಲ್ಲ, ಮೂಗಿನ ಹೊಳ್ಳೆ, ಹಿಂದೆ ಮಾಡಿನ ಪಕ್ಕಾಸು. ಕೈ ಎಲ್ಲಿ? ಮೇಣ ಅಂಟದ ಹಾಗೆ ಎಣ್ಣೆ ಹಚ್ಚಿಕೊಂಡ ಆ ಬೆರಳುಗಳು ಮೆಟ್ಟುಕತ್ತಿಯ ಮುಂದೆ ಓಡುವುದನ್ನೇ ಅಲ್ವಾ ನೋಡಬೇಕಾದ್ದು?

ಮಣಿಪಾಲ ಮಾವ: ಹಾಗಾದರೆ ಚಾರ್ಟ್ ಸುಳ್ಳಾ? ಅಷ್ಟಮಿಗೆ ಉಡುಪಿ ರಥಬೀದಿಯ ಹುಲಿವೇಷ ನೋಡು. ಬೀದಿಯಲ್ಲಿ ಕೂತು ತೆಗೆದರೆ ಹುಲಿ ಮೈಮೇಲೆಯೇ ಬರುತ್ತದೆ. ಮಹಡಿಯಿಂದ ತೆಗೆದರೆ ಬರೀ ಬಣ್ಣ.

ನಾನು: ಸುಳ್ಳಲ್ಲ ಮಾವ, ಅರ್ಧ ಮಾತ್ರ. 1941ರ ‘ಸಿಟಿಜನ್ ಕೇನ್’ ಸಿನಿಮಾದಲ್ಲಿ ನಾಯಕ ಕೇನ್ ಚುನಾವಣೆ ಸೋತ ಮೇಲಿನ ದೃಶ್ಯವನ್ನು ತೀರಾ ಕೆಳಗಿನಿಂದ ತೆಗೆದಿದ್ದಾರೆ. ಕ್ಯಾಮೆರಾ ಇಡಲಿಕ್ಕೆ ಸೆಟ್ಟಿನ ನೆಲವನ್ನೇ ಒಡೆದಿದ್ದರು. ಚಾರ್ಟ್ ಪ್ರಕಾರ ಅವನು ಗೆದ್ದವನ ಹಾಗೆ ಕಾಣಬೇಕಿತ್ತು. ಕಾಣುವುದು ದೊಡ್ಡ ಮೈ, ತಲೆಯ ಮೇಲೆ ಒತ್ತುವ ಮಾಡು, ಸುತ್ತ ಖಾಲಿ ಕಚೇರಿ. ಸೋಲು ಇನ್ನೂ ಜಾಸ್ತಿ ತಟ್ಟುತ್ತದೆ. ‘ಸೈಕೋ’ ಸಿನಿಮಾದಲ್ಲಿ ಮೆಟ್ಟಿಲ ಮೇಲಿನ ಕೊಲೆಯನ್ನು ನೆತ್ತಿಯ ಮೇಲಿನಿಂದ ತೆಗೆದದ್ದು ಕೊಂದವರ ಮುಖ ಅಡಗಿಸಲಿಕ್ಕೆ. ಅಲ್ಲಿ ಮೇಲಿನಿಂದ ಕಾಣುವ ಆ ಕೊಂದವರು ದುರ್ಬಲರಾ? ಕಥೆಯಲ್ಲಿ ಆಗ ಏನು ನಡೆಯುತ್ತಿದೆ ಅಂತ ಬಿಟ್ಟು, ಸುಮ್ನೆ ಆಂಗಲ್ ಮಾತ್ರ ಹಿಡಿದರೆ ಆಗುವುದಿಲ್ಲ.

ಸುರತ್ಕಲ್ ಚಿಕ್ಕಮ್ಮ: ನಿಂತುಕೊಂಡು ತೆಗೆದರೆ ಆಯ್ತಲ್ಲ. ಕೈಯೂ ಕಾಣುತ್ತದೆ.

ನಾನು: ಕೈ ಕಾಣುತ್ತದೆ ಚಿಕ್ಕಮ್ಮ. ಆದರೆ ಅಜ್ಜಿ ನೆಲದಲ್ಲಿ ಕೂತಿದ್ದಾರೆ. ನಿಂತವರಿಗೆ ಕಾಣುವುದು ನೆತ್ತಿ ಮತ್ತು ಬಗ್ಗಿದ ಬೆನ್ನು. ನೋಡಿದವರು ‘ಪಾಪ’ ಅನ್ನುತ್ತಾರೆ. ಅಜ್ಜಿಯನ್ನು ನೋಡಿ ಯಾರೂ ಪಾಪ ಅನ್ನುವುದು ನನಗೆ ಬೇಡ.

ಪುಟ್ಟ: ಮತ್ತೆ ಎಂತ ಮಾಡುವುದು ಅಕ್ಕ?

ನಾನು: ಕ್ಯಾಮೆರಾ ಎಷ್ಟು ಎತ್ತರದಲ್ಲಿದೆ ಅನ್ನುವುದು ಬೇರೆ, ಯಾವ ಕಡೆ ಮುಖ ಮಾಡಿದೆ ಅನ್ನುವುದು ಬೇರೆ. ನಿನ್ನ ಚಾರ್ಟ್ ಎರಡನ್ನೂ ಒಂದು ಮಾಡಿದೆ. ಜಪಾನಿನ ಸಿನಿಮಾ ನಿರ್ದೇಶಕ ಯಸುಜಿರೊ ಓಜು ಮನೆಯೊಳಗಿನ ದೃಶ್ಯಗಳಿಗೆ ಕ್ಯಾಮೆರಾವನ್ನು ನೆಲದ ಹತ್ತಿರವೇ ಇಡುತ್ತಿದ್ದರು. ಆದರೆ ಅದರ ಮುಖವನ್ನು ಜಾಸ್ತಿ ಮೇಲಕ್ಕೆ ಎತ್ತುತ್ತಿರಲಿಲ್ಲ. ಹಾಗಾಗಿ ಅಲ್ಲಿ ಯಾರೂ ರಾಕ್ಷಸರಂತೆ ಬೆಳೆಯುವುದಿಲ್ಲ. ನಾವೂ ಅವರ ಮನೆಯಲ್ಲೇ ಕೂತಿದ್ದೇವೆ ಅನ್ನಿಸುತ್ತದೆ. ನೀನೂ ಒಂದು ಮಣೆ ಹಾಕಿ ಅಜ್ಜಿಯ ಎದುರು ಕೂತುಕೋ. ಫೋನನ್ನು ಅವರ ಎದೆಯ ಎತ್ತರಕ್ಕೆ ನೇರ ಹಿಡಿ. ಮುಖ, ಕೈ ಎರಡೂ ಬರುವಷ್ಟು ಹಿಂದೆ ಸರಿ.

ಮಣಿಪಾಲ ಮಾವ: ನನಗೆ ಈಗಿನದ್ದೇ ಇಷ್ಟ. ಈ ಮನೆ ನಿಂತದ್ದೇ ಅಮ್ಮನಿಂದ. ದೊಡ್ಡದಾಗಿಯೇ ಕಾಣಲಿ.

ನಾನು: ಅಷ್ಟು ಮಾಡಿದವರ ಕೈಯನ್ನೇ ಬಿಟ್ಟರೆ ಹೇಗೆ ಮಾವ?

ಪುಟ್ಟ: ಇನ್ನೊಂದು ಹಲಸು ಉಂಟು. ನಾಳೆ ಕೂತು ತೆಗೆಯುತ್ತೇನೆ.

ಮಣಿಪಾಲ ಮಾವ: ತೆಗಿ. ಇದನ್ನು ಅಳಿಸಬೇಡ.